ಕೆಟ್ಟ ಕ್ರಿಯಾಪದಕ್ಕೆ ಸ್ವಂತ ಹೆಸರು

ಗುಬ್ಬಿಯ ಸ್ಟೇಷನ್ ರಸ್ತೆಯಲ್ಲಿ ಗಂಗರಾಜು ಅವರ ಸೈಕಲ್ ಶಾಪಿನ ಪಕ್ಕದ ಗೋಡೆಗೆ ಕಪ್ಪು ಬಣ್ಣ ಬಳಿದದ್ದು 1992ರ ಜೂನ್ ತಿಂಗಳಲ್ಲಿ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಬಳಿದವರು ಅಂಚೆ ಕಚೇರಿಯ ಗುಮಾಸ್ತ ಪುಟ್ಟರಂಗಯ್ಯ. ಮರುದಿನದಿಂದ ಪ್ರತಿ ಬೆಳಿಗ್ಗೆ ಆರೂಕಾಲಿಗೆ ಅವರು ಆ ಗೋಡೆಯ ಮೇಲೆ ಒಂದು ಇಂಗ್ಲಿಷ್ ಕ್ರಿಯಾಪದ, ಅದರ ಕನ್ನಡ ಅರ್ಥ, ಅದನ್ನು ಬಳಸಿದ ಮೂರು ವಾಕ್ಯಗಳನ್ನು ಬರೆಯತೊಡಗಿದರು. ತುಮಕೂರಿನ ಕಾಲೇಜುಗಳಿಗೆ ಹೋಗುವವರು ಬೆಳಗಿನ ಪ್ಯಾಸೆಂಜರ್ ಹಿಡಿಯುವ ಮೊದಲು ಅಲ್ಲಿ ನಿಂತು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ರೈಲು ತಡವಾದ ದಿನ ನಲವತ್ತು ಜನ ಇರುತ್ತಿದ್ದರು, ಹೊತ್ತಿಗೆ ಸರಿಯಾಗಿ ಬಂದ ದಿನ ಇಪ್ಪತ್ತೈದು. ಪುಟ್ಟರಂಗಯ್ಯ ಎಣಿಸುತ್ತಿದ್ದರು.

ಅವರು ಕಡಬದವರು. ಬಿ.ಎ.ಯಲ್ಲಿ ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದವರು. ಹಾಗೆ ಪಾಸಾದ ಬಹಳ ಜನ ಆ ಭಾಷೆಯ ತಂಟೆಗೇ ಹೋಗುವುದಿಲ್ಲ. ಪುಟ್ಟರಂಗಯ್ಯ ಒಂದು ದಪ್ಪ ಡಿಕ್ಷನರಿ ಕೊಂಡರು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಅದನ್ನೂ ತೆರೆಯುತ್ತಿದ್ದರು. ಕ್ರಿಯಾಪದ ಮಾತ್ರ ಯಾಕೆ ಎಂದು ಕೇಳಿದವರಿಗೆ ಅವರ ಉತ್ತರ ಒಂದೇ: "ಸಾಮಾನಿನ ಹೆಸ್ರು ಯಾರ್ ಬೇಕಾದ್ರೂ ಕಲೀತಾರೆ ಕಣಯ್ಯ, ಬೆರಳು ಮಾಡಿ ತೋರ್ಸಿದ್ರೆ ಆಯ್ತು. ಮಾಡೋ ಕೆಲಸದ ಹೆಸ್ರು ಹೇಳೋದೇ ಕಷ್ಟ."

ಆ ಬೋರ್ಡಿಗೆ ಒಂದು ಪದ್ಧತಿ ಇತ್ತು. ಪುಟ್ಟರಂಗಯ್ಯನವರ ವಾಕ್ಯಗಳಲ್ಲಿ ಊರಿನವರ ಹೆಸರಿರುತ್ತಿತ್ತು, ಮತ್ತು ಆ ವಾಕ್ಯ ನಿಜವಾಗಿರುತ್ತಿತ್ತು. ರಿಪೇರಿ ಮಾಡುವ ಪದ ಬಂದರೆ ಗಂಗರಾಜು ನಿನ್ನೆ ಹನ್ನೊಂದು ಪಂಕ್ಚರ್ ಹಾಕಿದ ಸುದ್ದಿ. ಬೇಯಿಸುವ ಪದ ಬಂದರೆ ಸೈಕಲ್ ಶಾಪಿನ ಮುಂದೆ ಬುಟ್ಟಿ ಇಟ್ಟುಕೊಂಡು ಇಡ್ಲಿ ಮಾರುವ ಗಿರಿಯಮ್ಮ ಇನ್ನೂರು ಇಡ್ಲಿ ಬೇಯಿಸಿದ ಸುದ್ದಿ. ಯಾರ ಮಗಳು ಪಾಸಾದಳು, ಯಾರು ಹೊಸ ಪಂಪ್‌ಸೆಟ್ ಕೂರಿಸಿದರು ಎಂಬುದೆಲ್ಲ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಓದು ಬಾರದವರು ವಿದ್ಯಾರ್ಥಿಗಳಿಂದ ಓದಿಸಿಕೊಂಡು ಖುಷಿಪಡುತ್ತಿದ್ದರು.

"ಸಾ, ನಮ್ ಹಸ ಕರ ಹಾಕದೆ. ಅದ್ಕೊಂದು ಇಂಗ್ಲಿಷ್ ಇಲ್ವ?" ಎಂದು ಅಂಚೆ ಕಚೇರಿಯ ಕಿಟಕಿಯ ಬಳಿ ಬಂದು ಕೇಳಿದವರಿದ್ದರು.

"ಇದೆ. ಹೆಣ್ಣಾ, ಗಂಡಾ?"

"ಹೆಣ್ಣು."

"ಹಂಗಾದ್ರೆ ನಾಳೇನೇ ಹಾಕ್ತೀನಿ."

ಆದರೆ ಡಿಕ್ಷನರಿಯಲ್ಲಿ ಒಳ್ಳೆಯ ಕ್ರಿಯಾಪದಗಳಷ್ಟೇ ಇರುವುದಿಲ್ಲ. ಕದಿಯುವುದು, ಬೀಳುವುದು, ಮೋಸ ಮಾಡುವುದು, ಹೊಡೆಯುವುದು, ಹೊಡೆಸಿಕೊಳ್ಳುವುದು ಎಲ್ಲವನ್ನೂ ಕಲಿಸಬೇಕು. ಅಂಥ ಪದ ಬಂದ ದಿನ ಪುಟ್ಟರಂಗಯ್ಯ ಬೇರೆಯವರ ಹೆಸರು ಬರೆಯುತ್ತಿರಲಿಲ್ಲ, ತಮ್ಮ ಹೆಸರನ್ನೇ ಬರೆಯುತ್ತಿದ್ದರು. ಹತ್ತು ವರ್ಷದಲ್ಲಿ ಅವರು ಆ ಗೋಡೆಯ ಮೇಲೆ ತೆಂಗಿನಕಾಯಿ ಕದ್ದಿದ್ದರು, ಬಾವಿಗೆ ಬಿದ್ದಿದ್ದರು, ಎರಡು ಸಲ ಜೈಲಿಗೆ ಹೋಗಿ ಬಂದಿದ್ದರು. ಹೆಂಡತಿ ಸಿದ್ದಲಕ್ಷ್ಮಮ್ಮನನ್ನು ತರಕಾರಿ ಅಂಗಡಿಯಲ್ಲಿ ಕಂಡವರು, "ಏನಕ್ಕಾ, ನಿಮ್ ಯಜಮಾನ್ರಿಗೆ ಬೇಲ್ ಸಿಕ್ತಾ?" ಎಂದು ಕೇಳಿ ನಗುತ್ತಿದ್ದರು. ಊರಿಗೆಲ್ಲ ಲೆಕ್ಕ ಗೊತ್ತಿತ್ತು: ಕೆಟ್ಟ ಮಾತಿನ ಪಕ್ಕ ಪುಟ್ಟರಂಗಯ್ಯನ ಹೆಸರಿದ್ದರೆ ಅದು ಬರೀ ಉದಾಹರಣೆ. ಬೇರೆ ಯಾರ ಹೆಸರಿದ್ದರೂ ಅದು ನಡೆದ ವಿಷಯ.

ಹೊರಗಿನ ಊರುಗಳಿಂದ ಅವರಿಗೆ ಕಾಗದ ಬರುತ್ತಿತ್ತು. ವಿಳಾಸದಲ್ಲಿ ಹೆಸರಿರುತ್ತಿರಲಿಲ್ಲ. 'ಇಂಗ್ಲಿಷ್ ಬೋರ್ಡ್ ಸಾರ್, ಗುಬ್ಬಿ' ಎಂದಿಷ್ಟೇ ಇರುತ್ತಿತ್ತು. ಅಂಚೆ ವಿಂಗಡಿಸುವುದು ಅವರದೇ ಕೆಲಸವಾದ್ದರಿಂದ ಅಂಥ ಕಾಗದವನ್ನು ತಾವೇ ಎತ್ತಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ಅವರಿಗೆ ಬೇರೆ ಬಿರುದು ಬೇಕಿರಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಗುಬ್ಬಿಯ ಬಸ್ ನಿಲ್ದಾಣದ ಹಿಂಗೋಡೆಯ ಮೇಲೆ ಇನ್ನೊಂದು ಬೋರ್ಡ್ ಬಂತು. ಅದನ್ನು ಶುರು ಮಾಡಿದವರು ಬಸವರಾಜ್, ಸಿ.ಎಸ್. ಪುರದವರು, ಇಪ್ಪತ್ತೈದು ವರ್ಷ, ಒಂದು ಖಾಸಗಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ವಾರದ ದಿನಗಳಲ್ಲಿ ಗುಬ್ಬಿಯಲ್ಲೇ ಒಂದು ಬಾಡಿಗೆ ರೂಮಿನಲ್ಲಿ ಇರುತ್ತಿದ್ದರು, ಶನಿವಾರ ಊರಿಗೆ ಹೋಗುತ್ತಿದ್ದರು. ಪಿಯುಸಿ ಓದುವಾಗ ಎರಡು ವರ್ಷ ಅವರೂ ಸ್ಟೇಷನ್ ರಸ್ತೆಯ ಗೋಡೆಯ ಮುಂದೆ ನಿಂತು ಬರೆದುಕೊಂಡವರೇ. ಬೋರ್ಡ್ ಶುರು ಮಾಡುವ ಮೊದಲು ಅಂಚೆ ಕಚೇರಿಗೆ ಬಂದು, "ಸಾರ್, ಬಸ್ಸಿಗೆ ಹೋಗೋರಿಗೆ ನಿಮ್ ಬೋರ್ಡ್ ಸಿಕ್ಕಲ್ಲ. ಅಲ್ಲೊಂದು ಮಾಡ್ಲಾ?" ಎಂದು ಕೇಳಿದ್ದರು.

"ಮಾಡಪ್ಪ, ಒಳ್ಳೇದೇ ಅಲ್ವಾ" ಎಂದಿದ್ದರು ಪುಟ್ಟರಂಗಯ್ಯ.

ಮೂರು ವಾರದ ನಂತರ ಒಂದು ಭಾನುವಾರ ಅವರು ಛತ್ರಿ ಬಿಚ್ಚಿಕೊಂಡು ಆ ಬೋರ್ಡ್ ನೋಡಲು ಹೋದರು. ಮಳೆ ಇರಲಿಲ್ಲ. ಬಸವರಾಜ್ ಬಣ್ಣದ ಚಾಕ್‌ಪೀಸ್ ಬಳಸಿದ್ದರು. ಪ್ರತಿ ಪದಕ್ಕೂ ಒಂದು ಸಣ್ಣ ಚಿತ್ರವಿತ್ತು. ಅಲ್ಲಿದ್ದ ಶನಿವಾರದ ಪದ ಎತ್ತುವುದು. ಒಬ್ಬ ಹೆಂಗಸು ನೀರಿನ ಬಿಂದಿಗೆಯನ್ನು ಸೊಂಟಕ್ಕೆ ಎತ್ತುತ್ತಿದ್ದಳು. ನಾಲ್ಕೇ ಗೆರೆ, ಆದರೆ ಬಿಂದಿಗೆ ತುಂಬಿದೆ ಎಂದು ಅವಳ ಬೆನ್ನಿನಲ್ಲಿ ಗೊತ್ತಾಗುತ್ತಿತ್ತು. ಪುಟ್ಟರಂಗಯ್ಯ ತಪ್ಪು ಹುಡುಕಿದರು. ಎರಡು ಸಲ ಓದಿದರು. ಸಿಗಲಿಲ್ಲ. ಚೆನ್ನಾಗಿಲ್ಲದಿದ್ದರೆ ಆ ಬೋರ್ಡನ್ನು ಅವರು ಕ್ಷಮಿಸುತ್ತಿದ್ದರು.

ಅಲ್ಲಿಂದ ಮುಂದೆ ಅವರು ಎಣಿಸುವುದು ಬೇರೆ ಥರ ಆಯಿತು. ಮೊದಲು ಬಂದವರನ್ನು ಎಣಿಸುತ್ತಿದ್ದರು, ಈಗ ಬರದವರನ್ನು. ಇಪ್ಪತ್ತೈದು ಹದಿನೆಂಟಾಯಿತು. ಬಸ್ಸುಗಳು ಹೆಚ್ಚಿದ್ದವು, ಕ್ಯಾತ್ಸಂದ್ರದ ಕಡೆಯ ಕಾಲೇಜುಗಳಿಗೆ ಬಸ್ಸೇ ಅನುಕೂಲ. ಅದು ಕಾರಣವಿರಬಹುದು ಎಂದು ಗಂಗರಾಜು ಹೇಳಿದರು. ಪುಟ್ಟರಂಗಯ್ಯ ಆ ಕಾರಣವನ್ನು ಕೇಳಿಸಿಕೊಳ್ಳಲಿಲ್ಲ. 2001ರಲ್ಲಿ ಒಂದು ದಿನ ಗಿರಿಯಮ್ಮನ ಇಡ್ಲಿ ಬುಟ್ಟಿ ಸೈಕಲ್ ಶಾಪಿನ ಮುಂದಿನಿಂದ ಬಸ್ ನಿಲ್ದಾಣಕ್ಕೆ ಹೋಯಿತು.

"ಯಾಕ್ ಗಿರಿಯಮ್ಮ, ಇಲ್ಲಿ ಏನ್ ಕಮ್ಮಿ ಆಗಿತ್ತು?"

"ಕಮ್ಮಿ ಏನಿಲ್ಲ ಸಾ. ಹುಡುಗ್ರು ಅಲ್ಲವ್ರೆ, ನಾನೂ ಅಲ್ಲಿವ್ನಿ. ಆಮೇಲೆ ಆ ಮೇಷ್ಟ್ರು ನನ್ ಬುಟ್ಟಿ ಚಿತ್ರ ಬರ್ದವ್ರೆ ಕಣ್ ಸಾ! ಹೊಗೆ ಬತ್ತಿರೋದೂ ಬರ್ದವ್ರೆ."

ಪುಟ್ಟರಂಗಯ್ಯ ಆ ವಾರ ಬಣ್ಣದ ಚಾಕ್‌ಪೀಸಿನ ಒಂದು ಡಬ್ಬಿ ತಂದರು. ಮನೆಯ ಹಿತ್ತಿಲ ಗೋಡೆಯ ಮೇಲೆ ಒಂದು ಹಸು ಬರೆದು ನೋಡಿದರು. ಸಿದ್ದಲಕ್ಷ್ಮಮ್ಮ ಬಟ್ಟೆ ಒಣಗಿಹಾಕಲು ಬಂದವರು ಸ್ವಲ್ಪ ಹೊತ್ತು ನೋಡಿ, "ನಾಯಿ ಕಾಲು ಒಸಿ ಉದ್ದ ಆಯ್ತು" ಎಂದರು. ಡಬ್ಬಿ ಅಟ್ಟಕ್ಕೆ ಹೋಯಿತು.

2002ರ ಜುಲೈಯಲ್ಲಿ ತುಮಕೂರಿನಿಂದ ಬರುವ ಒಂದು ವಾರಪತ್ರಿಕೆಯಲ್ಲಿ ಬಸವರಾಜ್ ಅವರ ಬೋರ್ಡಿನ ಫೋಟೊ ಬಂತು. ಕೆಳಗೆ 'ಗುಬ್ಬಿಯ ಇಂಗ್ಲಿಷ್ ಬೋರ್ಡ್' ಎಂದಿತ್ತು. ಎರಡು ಬೋರ್ಡುಗಳಲ್ಲಿ ಒಂದು ಎಂದಿರಲಿಲ್ಲ. ಆ ಪತ್ರಿಕೆಗೆ ಗುಬ್ಬಿ ಅಂಚೆಯಲ್ಲಿ ಮೂವತ್ತೊಂದು ಚಂದಾದಾರರು. ಮೂವತ್ತೊಂದು ಪ್ರತಿಗಳನ್ನೂ ಪುಟ್ಟರಂಗಯ್ಯ ತಾವೇ ಬೀದಿವಾರು ವಿಂಗಡಿಸಿ, ಪೋಸ್ಟ್‌ಮನ್‌ಗಳ ಕೈಗೆ ಕೊಟ್ಟು ಕಳಿಸಬೇಕಾಯಿತು. ಕಳಿಸಿದರು.

ಆಗಸ್ಟ್ ಎರಡನೆಯ ವಾರ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಕುಣಿಗಲ್ ಮೊಹರು. ವಿಳಾಸ: 'ಇಂಗ್ಲಿಷ್ ಬೋರ್ಡ್ ಸಾರ್, ಗುಬ್ಬಿ'. ಬಹಳ ತಿಂಗಳ ಮೇಲೆ ಬಂದ ಕಾಗದ. ಪುಟ್ಟರಂಗಯ್ಯ ಅದನ್ನು ಮಧ್ಯಾಹ್ನದವರೆಗೆ ಜೇಬಿನಲ್ಲಿಟ್ಟುಕೊಂಡಿದ್ದು, ಊಟವಾದ ಮೇಲೆ ಕೈ ತೊಳೆದು ಬಿಡಿಸಿದರು. ಬರೆದವರು ಕುಣಿಗಲ್ಲಿನ ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮೊದಲ ಸಾಲು ಹೀಗಿತ್ತು: 'ತಾವು ಬೋರ್ಡಿನ ಮೇಲೆ ಬರೆಯುವ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿ ಸಂತೋಷವಾಯಿತು.' ಇಪ್ಪತ್ತೊಂದನೆಯ ತಾರೀಕು ಬುಧವಾರ ಬೆಳಿಗ್ಗೆಯೇ ಬಂದು, ತಮ್ಮ ಶಾಲೆಯ ಗೋಡೆಯ ಮೇಲೂ ಒಂದು ಪದ ಬರೆದು, ಹತ್ತನೆಯ ತರಗತಿಯ ಮಕ್ಕಳೊಂದಿಗೆ ಒಂದು ದಿನ ಕಳೆಯಬೇಕೆಂದು ಕೇಳಿಕೊಂಡಿದ್ದರು.

ಪುಟ್ಟರಂಗಯ್ಯ ಪತ್ರವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ, ಕಚೇರಿಯ ಗೋಂದು ಹಚ್ಚಿ ಅಂಟಿಸಿದರು. ವಿಳಾಸದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಬಸವರಾಜ್, ಬಸ್ ನಿಲ್ದಾಣದ ಬೋರ್ಡ್' ಎಂದು ಬರೆದು ಮರುದಿನದ ಬಟವಾಡೆಗೆ ಹಾಕಿದರು. ಕೆಲಸದಲ್ಲಿ ಅವರು ಎಂದೂ ತಪ್ಪು ಮಾಡಿದವರಲ್ಲ. ಅಂದೂ ಮಾಡಲಿಲ್ಲ.

ಇಪ್ಪತ್ತೊಂದನೆಯ ತಾರೀಕು ಬರುವ ಆ ವಾರ ಬೋರ್ಡಿನಲ್ಲಿ ಮೇಲೆ ಬೀಳುವ ಕ್ರಿಯಾಪದಗಳ ಸರದಿ. ಸೋಮವಾರ ಅಟ್ಯಾಕ್, ಮಂಗಳವಾರ ಅಸಾಲ್ಟ್, ಬುಧವಾರ ಅಸೇಲ್. ಇವುಗಳ ಬಗ್ಗೆ ಅವರ ಟಿಪ್ಪಣಿ ಪುಸ್ತಕದಲ್ಲಿ ಎರಡು ಪುಟವಿತ್ತು. ಅಟ್ಯಾಕ್ ಎಲ್ಲರಿಗೂ ಗೊತ್ತಿರುವ ಮಾತು, ಶತ್ರು ಸೈನ್ಯಕ್ಕೂ ಆಗುತ್ತದೆ, ಎದೆನೋವಿಗೂ ಆಗುತ್ತದೆ. ಅಸಾಲ್ಟ್ ಪೊಲೀಸ್ ಠಾಣೆಯ ಮಾತು, ಮೈಮೇಲೆ ಕೈ ಮಾಡಿದರೆ ಬರೆದುಕೊಳ್ಳುವುದು. ಅಸೇಲ್ ಇವೆರಡಕ್ಕಿಂತ ಓದಿದವರ ಮಾತು. ಒಂದೇ ಏಟಲ್ಲ, ಬಿಡದೆ ಮೇಲಿಂದ ಮೇಲೆ ಎರಗುವುದು. ಕಲ್ಲಿನಿಂದ ಎರಗಬಹುದು, ಬೈಗುಳದಿಂದ, ಪ್ರಶ್ನೆಗಳಿಂದ ಎರಗಬಹುದು. ಕೆಟ್ಟ ವಾಸನೆ ಮೂಗಿನ ಮೇಲೆ ಎರಗಬಹುದು. ಕೊನೆಯಲ್ಲಿ ಅವರೇ ಬರೆದುಕೊಂಡಿದ್ದರು: 'ಹೆಚ್ಚಾಗಿ ಮನಸ್ಸಿನ ವಿಷಯಕ್ಕೆ. ಸಂಶಯ, ಭಯ ಇತ್ಯಾದಿ ಒಬ್ಬನ ಮೇಲೆ ಎರಗುತ್ತವೆ. ಎರಗಿಸಿಕೊಂಡವನ ಕಡೆಯಿಂದ ವಾಕ್ಯ ಕಟ್ಟುವುದು ರೂಢಿ.' 1995ರಲ್ಲಿ ಈ ಪದ ಬಂದಾಗ ಕಡಬದ ಕೆರೆ ಏರಿಯ ಮೇಲೆ ಹೆಜ್ಜೇನು ಪುಟ್ಟರಂಗಯ್ಯನ ಮೇಲೆ ಎರಗಿದ್ದವು.

ಬುಧವಾರ ಬೆಳಿಗ್ಗೆ ಅವರು ಆ ಹಳೆಯ ವಾಕ್ಯ ಬರೆಯಲಿಲ್ಲ. ಎರಡು ಸಾಮಾನ್ಯ ವಾಕ್ಯ ಬರೆದು, ಮೂರನೆಯದರಲ್ಲಿ ನಿನ್ನೆ ಸಂಜೆ ಬಸ್ ನಿಲ್ದಾಣದಲ್ಲಿ ವಿದ್ಯಾರ್ಥಿಗಳು ಬಸವರಾಜ್ ಮೇಲೆ ಕಲ್ಲುಗಳಿಂದ ಎರಗಿದರು ಎಂದು ಇಂಗ್ಲಿಷಿನಲ್ಲಿ ಬರೆದರು. ಬಸವರಾಜ್ ಅಂದು ಮೊದಲ ಬಸ್ಸಿಗೇ ಕುಣಿಗಲ್ಲಿಗೆ ಹೋಗಿರುತ್ತಾರೆ, ನೋಡುವುದಿಲ್ಲ. ನಾಳೆ ಬೆಳಿಗ್ಗೆ ಅಳಿಸಿ ಬೇರೆ ಪದ ಬರೆಯುವುದು ಇದ್ದೇ ಇದೆ. ಒಂದು ದಿನದ ಮಟ್ಟಿಗೆ ಆ ವಾಕ್ಯ ಗೋಡೆಯ ಮೇಲಿದ್ದರೆ ಸಾಕು ಎಂದು ಅವರಿಗನ್ನಿಸಿತ್ತು. ಯಾಕೆ ಸಾಕು ಎಂದು ಕೇಳಿಕೊಳ್ಳಲಿಲ್ಲ.

ವಿದ್ಯಾರ್ಥಿಗಳು ಬರೆದುಕೊಂಡರು. ಒಬ್ಬಳು ಗಂಗರಾಜುಗೆ ಅರ್ಥ ಹೇಳಿದಳು. ಗಂಗರಾಜು ಕೈಯಲ್ಲಿದ್ದ ಪಂಪು ಕೆಳಗಿಟ್ಟು ಬಂದರು.

"ಹೌದಾ ಸಾ? ಬಸವರಾಜ್ ಮೇಷ್ಟ್ರಿಗೆ ಕಲ್ಲಲ್ಲಿ ಹೊಡುದ್ರಾ? ಯಾವನ್ ಸಾ ಹೊಡ್ದೋನು?"

"ಬೋರ್ಡಲ್ಲಿ ಇದ್ಯಲ್ಲ" ಎಂದು ಪುಟ್ಟರಂಗಯ್ಯ ಕೈಯ ಚಾಕ್‌ಪುಡಿ ಒರೆಸಿಕೊಂಡು ಹೊರಟರು.

ಬೋರ್ಡಲ್ಲಿ ಇದೆ ಎಂದರೆ ಗುಬ್ಬಿಯಲ್ಲಿ ಅಲ್ಲಿಗೆ ಮುಗಿಯಿತು. ಎಂಟು ಗಂಟೆಯ ಹೊತ್ತಿಗೆ ಸಿ.ಎಸ್. ಪುರದ ಬಸ್ಸಿನ ಕಂಡಕ್ಟರ್‌ಗೆ ವಿಷಯ ಗೊತ್ತಾಗಿತ್ತು. ಬಸ್ ನಿಲ್ದಾಣದ ಬೋರ್ಡ್ ಅಂದು ಖಾಲಿ ಇದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ಸುದ್ದಿ ನಿಜ ಎನ್ನಲು ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹನ್ನೊಂದೂವರೆಗೆ ಅಂಚೆ ಕಚೇರಿಯ ಕಿಟಕಿಯ ಮುಂದೆ ಐವತ್ತೈದು ವರ್ಷದ ಹೆಂಗಸೊಬ್ಬರು ನಿಂತಿದ್ದರು. ಬಸವರಾಜ್ ಅವರ ತಾಯಿ ಬಸವಲಿಂಗಮ್ಮ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವರ ಹಿಂದೆ ಗಂಗರಾಜು ಇದ್ದರು.

"ಪೋಸ್ಟ್ ಮೇಷ್ಟ್ರೆ, ನನ್ ಮಗನ ಮೇಲೆ ಏನೋ ಬರ್ದವ್ರಂತೆ ಗ್ವಾಡೆ ಮೇಲೆ. ಒಬ್ಬೊಬ್ರು ಒಂದೊಂದ್ ಹೇಳ್ತಾವ್ರೆ. ಬರ್ದೋರು ನೀವಂತೆ. ಒಸಿ ಸರ್ಯಾಗಿ ಓದಿ ಹೇಳ್ರಪ್ಪ."

ಪುಟ್ಟರಂಗಯ್ಯ ಮೊಹರಿನ ಹಿಡಿಯನ್ನು ಕೈಯಲ್ಲೇ ಹಿಡಿದಿದ್ದರು.

"ಇಸ್ಕೂಲಿಗೆ ಹೋದೆ. ಇವತ್ತು ಬಂದಿಲ್ಲ, ಸ್ವಂತ ಕೆಲ್ಸ ಅಂತ ರಜ ಹಾಕವ್ನೆ ಅಂದ್ರು. ರೂಮಿಗೆ ಬೀಗ. ಆಸ್ಪತ್ರೆಗೂ ಹೋದೆ, ಅಲ್ಲೂ ಇಲ್ಲ. ತುಮಕೂರಿಗೆ ತಕೊಂಡ್ ಹೋದ್ರಾ? ತಲೆಗ್ ಬಿತ್ತಾ? ಅದುನ್ನಾದ್ರೂ ಹೇಳಿ."

"ಅಕ್ಕಾ, ಕೂತ್ಕೊಳ್ಳಿ. ಏನೂ ಆಗಿಲ್ಲ."

"ಆಗಿಲ್ದೆ ಬರೀತೀರಾ? ನಿಮ್ ಬೋರ್ಡು ಸುಳ್ಳು ಹೇಳಕಿಲ್ಲ ಅಂತ ನನ್ ಮಗನೇ ಹೇಳವ್ನೆ. ಪಿಯುಸಿ ಪಾಸಾದಾಗ ಅವನ ಹೆಸ್ರು ಬರೆದಿದ್ರಿ ನೀವು. ಬರ್ಕೊಂಡ್ ಬಂದು ಓದಿ ತೋರ್ಸಿದ್ದ."

ಪುಟ್ಟರಂಗಯ್ಯನವರಿಗೆ ಆ ವಾಕ್ಯ ನೆನಪಿತ್ತು. ಗೆಲ್ಲುವ ಕ್ರಿಯಾಪದ ಅದು.

ಬಸವರಾಜ್ ಎಲ್ಲಿದ್ದಾರೆ ಎಂಬುದು ಗುಬ್ಬಿಯಲ್ಲಿ ಆ ಹೊತ್ತು ಒಬ್ಬರಿಗೆ ಮಾತ್ರ ಗೊತ್ತಿತ್ತು. ಹೇಳಿದರೆ, ಹೇಗೆ ಗೊತ್ತು ಎಂದು ಕೇಳುತ್ತಾರೆ. ಕಾಗದ ಓದಿದ್ದು ಹೊರಬರುತ್ತದೆ. ಅವರಿಲ್ಲದ ದಿನ ನೋಡಿ ಬರೆದದ್ದೂ ಹೊರಬರುತ್ತದೆ. ಸುಮ್ಮನಿದ್ದರೆ ಸಂಜೆ ಬಸ್ಸಿಗೆ ಮಗ ತಾನೇ ಬರುತ್ತಾನೆ. ಸಂಜೆಗೆ ಇನ್ನೂ ಆರು ಗಂಟೆ ಇತ್ತು. ಬಸವಲಿಂಗಮ್ಮ ಕಿಟಕಿಯ ಸರಳು ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತಿದ್ದರು.

"ಅವ್ರು ಕುಣಿಗಲ್ಲಲ್ಲಿ ಇದ್ದಾರೆ ಅಕ್ಕಾ. ಒಂದು ಇಸ್ಕೂಲಿನೋರು ಕರ್ದಿದ್ರು. ಕಾಗದ ನನ್ ಕೈಗೆ ಬಂದಿತ್ತು, ನನ್ದೇ ಅನ್ಕೊಂಡು ಒಡೆದು ಓದ್ದೆ. ಯಾರೂ ಹೊಡೆದಿಲ್ಲ. ಬೋರ್ಡಲ್ಲಿರೋದು ಸುಳ್ಳು. ನಾನೇ ಬರೆದಿದ್ದು."

ಸ್ಟಾಂಪು ಕೊಳ್ಳಲು ನಿಂತಿದ್ದ ಮೂರ್ನಾಲ್ಕು ಜನ ಕಿಟಕಿಯ ಹತ್ತಿರಕ್ಕೆ ಸರಿದರು.

ಕಚೇರಿಯ ಫೋನಿನಿಂದ ಅವರು ಕುಣಿಗಲ್ ಅಂಚೆ ಕಚೇರಿಗೆ ಫೋನ್ ಮಾಡಿದರು. ಅಲ್ಲಿಂದ ಪೋಸ್ಟ್‌ಮನ್ ಒಬ್ಬ ಶಾಲೆಗೆ ಹೋಗಿ ಬಸವರಾಜ್ ಅವರನ್ನು ಕರೆತರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಬಸವಲಿಂಗಮ್ಮ ಬೆಂಚಿನ ಮೇಲೆ ಕೂತೇ ಇದ್ದರು, ಕೊಟ್ಟ ನೀರು ಮುಟ್ಟಲಿಲ್ಲ. ಫೋನಿನಲ್ಲಿ ಮಗನ ಧ್ವನಿ ಕೇಳಿದ ಮೇಲೆ, "ತಲೆ ಮುಟ್ಕೊಂಡ್ ಹೇಳ್ಲಾ, ಏನೂ ಆಗಿಲ್ವಾ?" ಎಂದು ಎರಡು ಸಲ ಕೇಳಿದರು. ರಿಸೀವರ್ ವಾಪಸ್ ಕೊಡುವಾಗ ಪುಟ್ಟರಂಗಯ್ಯನವರನ್ನು ನೋಡಿದರು.

"ಅವನು ನಿಮ್ಗೇನ್ ಮಾಡಿದ್ದ?"

"ಏನೂ ಇಲ್ಲ ಅಕ್ಕಾ."

"ಏನೂ ಮಾಡ್ದೇನೇ ಕಲ್ಲಲ್ಲಿ ಹೊಡಿಸ್ದ್ರಲ್ಲಪ್ಪ."

ಅವರು ಹೋದ ಮೇಲೆ ಗಂಗರಾಜು ಕಿಟಕಿಯ ಬಳಿಯೇ ನಿಂತಿದ್ದರು. "ಸಾ, ಗೋಡೆ ನಂದು" ಎಂದರು. "ಇಷ್ಟ್ ವರ್ಷ ನಾನ್ ಅದನ್ನ ಹೇಳಿರ್ಲಿಲ್ಲ. ನಾಳೆಗೆ ಏನ್ ಬರೀತೀರೋ ನೋಡ್ಕೊಂಡು ಆಮೇಲೆ ಸುಣ್ಣ ಕಲಸೋದಾ ಬ್ಯಾಡ್ವಾ ಅಂತ ತೀರ್ಮಾನ ಮಾಡ್ತೀನಿ."

ಆ ಸಂಜೆ ಪುಟ್ಟರಂಗಯ್ಯ ಮನೆಯಲ್ಲಿ ಊಟಕ್ಕೆ ಕೂತಾಗ ಸಿದ್ದಲಕ್ಷ್ಮಮ್ಮನಿಗೆ ವಿಷಯ ಆಗಲೇ ತಿಳಿದಿತ್ತು. ಅವರು ಮುದ್ದೆ ಬಡಿಸಿ, ಸಾರು ಹಾಕಿ, "ಜೈಲಿಗೆ ಹೋಗಿದ್ದೇ ಚೆನ್ನಾಗಿತ್ತು" ಎಂದು ಒಳಗೆ ಹೋದರು.

ಗುರುವಾರದ ಪದ ಬೇರೆ ಇತ್ತು. ಆದರೆ ಆರೂಕಾಲಿಗೆ ಗೋಡೆಯ ಮುಂದೆ ನಿಂತಾಗ ಪುಟ್ಟರಂಗಯ್ಯ ಪದವನ್ನು ಬದಲಿಸಲಿಲ್ಲ. ಮೇಲಿನ ಅಸೇಲ್ ಎಂಬುದನ್ನು ಹಾಗೆಯೇ ಬಿಟ್ಟು, ಕೆಳಗಿನ ಮೂರು ವಾಕ್ಯಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒಣಗುವವರೆಗೆ ಕಾದರು. ನಂತರ ಒಂದೇ ವಾಕ್ಯ ಬರೆದರು: ನಿನ್ನೆ ಪುಟ್ಟರಂಗಯ್ಯ ಬಸವರಾಜ್ ಮೇಲೆ ಎರಗಿದರು. ಹತ್ತು ವರ್ಷದಲ್ಲಿ ಕೆಟ್ಟ ಕ್ರಿಯಾಪದದ ಪಕ್ಕ ಅವರ ಹೆಸರು ಬಂದು, ವಾಕ್ಯವೂ ನಿಜವಾದದ್ದು ಅದೇ ಮೊದಲು.

ಸೈಕಲ್ ಶಾಪಿನ ಬಾಗಿಲು ತೆರೆದಿತ್ತು. ಗಂಗರಾಜು ಒಳಗಿನಿಂದ ನೋಡುತ್ತಿದ್ದರು. ಎಂದಿಗಿಂತ ಹೆಚ್ಚು ಜನ ಸೇರಿದ್ದರು, ಬಸ್ಸಿಗೆ ಹೋಗುವ ಹಲವರೂ ಅಂದು ಸ್ಟೇಷನ್ ರಸ್ತೆಗೆ ಬಂದಿದ್ದರು. ಅವರ ಹಿಂದೆ ಬಸವರಾಜ್ ನಿಂತಿದ್ದರು. ಶರ್ಟಿನ ಜೇಬಿನಲ್ಲಿ ಹಳದಿ ಚಾಕ್‌ಪೀಸಿನ ತುದಿ ಕಾಣುತ್ತಿತ್ತು.

ಪುಟ್ಟರಂಗಯ್ಯ ತಿರುಗಿದರು. ಬಸವರಾಜ್ ಬೋರ್ಡನ್ನೇ ನೋಡುತ್ತಿದ್ದರು, ಪಿಯುಸಿ ದಿನಗಳಲ್ಲಿ ನೋಡುತ್ತಿದ್ದ ಹಾಗೆ, ತಲೆ ಸ್ವಲ್ಪ ಎಡಕ್ಕೆ ವಾಲಿಸಿ.

"ಅಮ್ಮ ರಾತ್ರಿ ಊಟ ಮಾಡ್ಲಿಲ್ಲ ಸಾರ್" ಎಂದರು. ಬೋರ್ಡಿನ ವಾಕ್ಯದ ಕಡೆ ಕೈ ತೋರಿಸಿ, "ಇದು ಅರ್ಧ ಆಗಿದೆ" ಎಂದರು.

"ಏನು?"

"ಬರೀ ಎರಗಿದ್ರು ಅಂದ್ರೆ ಹುಡುಗ್ರು ಕೇಳ್ತಾರೆ, ಯಾವುದ್ರಿಂದ ಅಂತ. ಕಲ್ಲಿಂದನಾ, ಮಾತಿಂದನಾ ಅಂತ. ನೀವೇ ಹೇಳ್ಕೊಟ್ಟಿದ್ದು. 'ಒಂದು ಸುಳ್ಳಿನಿಂದ' ಅಂತ ಸೇರ್ಸಿ ಸಾರ್."

ಆ ಗೋಡೆಯ ಮೇಲಿನ ಒಂದು ವಾಕ್ಯವನ್ನು ಬೇರೆಯವರು ತಿದ್ದಿದ್ದು ಎಂದೂ ಇರಲಿಲ್ಲ. ಪುಟ್ಟರಂಗಯ್ಯ ಚಾಕ್ ಎತ್ತಿ, ವಾಕ್ಯದ ಕೊನೆಯ ಚುಕ್ಕಿಯನ್ನು ಹೆಬ್ಬೆರಳಿನಿಂದ ಒರೆಸಿ, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಸೇರಿಸಿ, ಹೊಸ ಚುಕ್ಕಿ ಇಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ಓದಿಕೊಂಡರು. ವಾಕ್ಯ ಮೊದಲಿಗಿಂತ ಚೆನ್ನಾಗಿತ್ತು. ಅವರು ಆವರೆಗೆ ಬರೆದ ಯಾವ ವಾಕ್ಯಕ್ಕಿಂತಲೂ ಚೆನ್ನಾಗಿತ್ತು.

ವಿದ್ಯಾರ್ಥಿಗಳು ಬರೆದುಕೊಳ್ಳತೊಡಗಿದರು. ಗಂಗರಾಜು ಒಳಗೇ ಕೂತು ಟ್ಯೂಬೊಂದನ್ನು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿದರು. ಪ್ಯಾಸೆಂಜರ್ ಬರಲು ಇನ್ನೂ ಹತ್ತು ನಿಮಿಷವಿತ್ತು. ಪುಟ್ಟರಂಗಯ್ಯ ಚಾಕ್‌ಪುಡಿ ಒರೆಸಿಕೊಳ್ಳುತ್ತಾ, ಎಷ್ಟು ಜನ ಬೋರ್ಡ್ ನೋಡುತ್ತಿದ್ದಾರೆ, ಎಷ್ಟು ಜನ ಬಸವರಾಜ್ ಅವರನ್ನು ನೋಡುತ್ತಿದ್ದಾರೆ ಎಂದು ಎಣಿಸಿದರು.